ಪ್ರಾಣ ಉಳಿಸಿದವರಿಗೂ ಒಂದು ಕಲ್ಲು
(ನಂದಗಡದ ಸಭೆಯಲ್ಲಿ ಮಾಡಿದ ಭಾಷಣ)



1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರಿದು. ಪ್ರತಿಮೆಗಳು ಏಳುವ ಮೊದಲೇ ಜನ ಅವನನ್ನು ಲಾವಣಿಯಲ್ಲಿ ಉಳಿಸಿಕೊಂಡರು. ಪ್ರಾಣ ಕೊಟ್ಟವರನ್ನು ನೆನೆಯುವ ನಾವು, ಪ್ರಾಣ ಉಳಿಸಿದವರನ್ನು ಮರೆಯಬಹುದೇ?

ಸಿಡುಬಿಗೆ ಲಸಿಕೆಯ ದಾರಿಯನ್ನು 1796ರಲ್ಲಿ ತೋರಿಸಿದವನು ಇಂಗ್ಲೆಂಡಿನ ಹಳ್ಳಿಯ ವೈದ್ಯ ಎಡ್ವರ್ಡ್ ಜೆನ್ನರ್. ಹಾಲು ಕರೆಯುವ ಹೆಣ್ಣುಮಗಳೊಬ್ಬಳ ಕೈಯ ಗುಳ್ಳೆಯಿಂದ ಅವನು ಲಸಿಕೆ ತೆಗೆದ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ 1858ರಲ್ಲಿ ಅವನ ಪ್ರತಿಮೆ ನಿಂತಿತು. 1862ರಲ್ಲಿ ಅದನ್ನು ಎತ್ತಿ ಉದ್ಯಾನಕ್ಕೆ ಸಾಗಿಸಿದರು. ಸಿಂಧ್ ಗೆದ್ದ ನೇಪಿಯರ್, 1857ರ ಬಂಡಾಯ ತುಳಿದ ಹ್ಯಾವ್‌ಲಾಕ್ ಇಂದಿಗೂ ಚೌಕದಲ್ಲಿಯೇ ಇದ್ದಾರೆ!

ನಮ್ಮ ಬೆಳಗಾವಿಯಲ್ಲೇನಿದೆ? ಸಿಡುಬಿನ ಲಸಿಕೆ ತಯಾರಾದ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಇಂದು ಬಹಳ ಜನರಿಗೆ ಬರಿಯ ಮೈದಾನದ ಹೆಸರು. ಹಳ್ಳಿ ಹಳ್ಳಿ ತಿರುಗಿ ದೇವಿ ಹಾಕಿದ ಸಣ್ಣ ನೌಕರರ ಹೆಸರನ್ನು ನಮ್ಮಲ್ಲಿ ಯಾರು ಬಲ್ಲರು? ಇಂಥವರ ದುಡಿಮೆಯಿಂದಲೇ 1975ರ ನಂತರ ಈ ದೇಶದಲ್ಲಿ ಸಿಡುಬು ಹರಡಲಿಲ್ಲ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು.

ಆ ಮೈದಾನದಲ್ಲಿ ಅವರಿಗೊಂದು ಕಲ್ಲು ನಿಲ್ಲಲಿ ಎಂದು ನಾವು ಕೇಳುತ್ತೇವೆ. ಆದರೆ ಕಲ್ಲೊಂದೇ ಸಾಲದು. ಕೂಲಿಕಾರನ ಕೂಸಿಗೂ ಸಾಹುಕಾರನ ಕೂಸಿಗೂ ಒಂದೇ ಲಸಿಕೆ, ಒಂದೇ ಕಾಲಕ್ಕೆ ಸಿಗಬೇಕು. ಅದೇ ಅವರ ನಿಜವಾದ ಸ್ಮಾರಕ.