ತಂದೆಯ ಸಾಲ, ಮಕ್ಕಳ ಬಡ್ಡಿ
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಜಪಾನಿನಲ್ಲಿ ಯಾಕುಜಾ ಎಂಬ ಪಾತಕಿಗಳ ಕೂಟಗಳುಂಟು. ಅಂಥ ಮುಖಂಡನೊಬ್ಬನ ಮಗಳಾಗಿ 1968ರಲ್ಲಿ ಹುಟ್ಟಿದ ಶೋಕೋ ತೆಂಡೋ 2004ರಲ್ಲಿ ತನ್ನ ಕಥೆಯನ್ನು ಅಚ್ಚು ಹಾಕಿಸಿದಳು. ಶಾಲೆಯಲ್ಲಿ ಅಣಕ, ಹರೆಯದಲ್ಲಿ ಪುಂಡರ ಸಂಗ, ಮಾದಕದ ಚಟ. ತಂದೆ ಕಾಯಿಲೆ ಬಿದ್ದು ಸಾಲ ಹೊತ್ತ ಮೇಲಂತೂ ಮನೆಯೇ ಮುರಿಯಿತು.

ಕೇರಳದಲ್ಲಿ ಮಣಿಯನ್ ಪಿಳ್ಳೆ ಎಂಬ ಕಳ್ಳನ ಆತ್ಮಕಥೆಯನ್ನು ಜಿ. ಆರ್. ಇಂದುಗೋಪನ್ ಮಲಯಾಳದಲ್ಲಿ ಬರೆದರು. ಆ ಮಹಾಶಯ ನಮ್ಮ ಮೈಸೂರಿನಲ್ಲೇ ಬೇರೆ ಹೆಸರಿನಿಂದ ಸಾಹುಕಾರನಾಗಿ ಬಾಳಿ, ಕೊನೆಗೆ ಸಿಕ್ಕಿಬಿದ್ದ! ಜನ ಇದನ್ನು ಸಾಹಸದ ಕಥೆಯೆಂದು ಓದುತ್ತಾರೆ. ನಮ್ಮ ಗಮನ ಹೋದದ್ದು ಹಿಂದುಳಿಯುವ ಮನೆಮಂದಿಯ ಕಡೆಗೆ.

ತಿರುವನಂತಪುರದ ಪೂಜಪ್ಪುರ ಜೈಲಿನ ಕೈದಿಗಳು ಮಾಡಿದ ಚಪಾತಿಯನ್ನು 2 ರೂಪಾಯಿಗೊಂದರಂತೆ ಮಾರಿದಾಗ ಊರೇ ಸಾಲುಗಟ್ಟಿ ನಿಂತಿತು. ಕೊಚ್ಚಿಯ ಕಾಕ್ಕನಾಡು ಜೈಲಿನಲ್ಲೂ ಇಂಥ ಅಡುಗೆ ನಡೆದಿದೆ. (ಆ ದರ ಕೇಳಿದರೆ ನಮ್ಮ ಹೋಟೆಲ್ ಧಣಿಗಳಿಗೆ ನಿದ್ದೆ ಬಾರದು.) ಕೈದಿ ತಟ್ಟಿದ ಚಪಾತಿ ಆದೀತು, ಕೈದಿಯ ಮಗ ಮಾತ್ರ ಪಕ್ಕದಲ್ಲಿ ಕೂರಬಾರದೇ?

ನಮ್ಮ ರಾತ್ರಿ ಶಾಲೆಗೆ ಅಂಥ ಹುಡುಗನೊಬ್ಬ ಬರುತ್ತಾನೆ. ಅವನನ್ನು ಬಿಡಿಸಿರೆಂದು ಮೂವರು ತಾಯಂದಿರು ಕೇಳಿದ್ದಾರೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ನಾವು ಹೊಡೆದಿಲ್ಲ. ಸೋಮವಾರ ರಾತ್ರಿ ಎಂಟಕ್ಕೆ ಪಾಠವುಂಟು. ಸ್ಲೇಟು ನಾಲ್ಕು ಕಡಿಮೆ ಬಿದ್ದಿವೆ.