ಕಣಜದ ಬೀಜ, ಪೊಟ್ಟಣದ ಬೀಜ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಸಂಘಟಕರು ನನಗೆ ಕೊಟ್ಟಿರುವ ವಿಷಯ ‘ಜೀವಿಗಳಲ್ಲಿ ಸಂತಾನೋತ್ಪತ್ತಿ ಮತ್ತು ಅನುವಂಶೀಯತೆ’. ಹತ್ತನೇ ತರಗತಿಯ ಮಕ್ಕಳಿಗೆ ಇದು ಪರೀಕ್ಷೆಯ ಪಾಠ. ಅವರಿಗೆ ಅದನ್ನು ಅವರ ಶಿಕ್ಷಕರು ನನಗಿಂತ ಚೆನ್ನಾಗಿ ಹೇಳಿರುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಕುಳಿತಿರುವ ರೈತರ ಕಡೆ ಮುಖ ಮಾಡಿ ಮಾತಾಡುತ್ತೇನೆ. ಅವರು ಎಲ್ಲಿ ಸಿಕ್ಕರೂ ಕೇಳುವ ಪ್ರಶ್ನೆ ಒಂದೇ. ‘ಮನೆಯ ರಾಗಿಯನ್ನು ಹತ್ತು ವರ್ಷ ಬಿತ್ತಿದರೂ ಅದೇ ರಾಗಿ ಬರುತ್ತದೆ. ಅಂಗಡಿಯಿಂದ ತಂದ ಮುಸುಕಿನ ಜೋಳದಲ್ಲಿ ಒಂದಿಷ್ಟು ತೆಗೆದಿಟ್ಟು ಬಿತ್ತಿದರೆ ಒಂದು ಗಿಡ ಆಳುದ್ದ, ಒಂದು ಮೊಣಕಾಲುದ್ದ. ಕಂಪನಿಯವರು ಬೀಜಕ್ಕೆ ಏನಾದರೂ ಹಾಕಿರುತ್ತಾರಾ?’

ಏನೂ ಹಾಕಿರುವುದಿಲ್ಲ. ಪೊಟ್ಟಣದ ಬೀಜಕ್ಕೆ ಬಳಿದ ಕೆಂಪು ಬಣ್ಣ ಕೀಟನಾಶಕ, ಶಿಲೀಂಧ್ರನಾಶಕದ್ದು. ಮೊಮ್ಮಕ್ಕಳ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಉತ್ತರ ಹೂವಿನಲ್ಲಿದೆ.

ರಾಗಿಯ ತೆನೆಯ ಹೂವನ್ನು ನೀವು ಹತ್ತಿರದಿಂದ ನೋಡಿರಲಾರಿರಿ, ಅಷ್ಟು ಚಿಕ್ಕದು. ಗಂಡು ಭಾಗ, ಹೆಣ್ಣು ಭಾಗ ಎರಡೂ ಅದರೊಳಗೇ ಇವೆ. ಹೆಚ್ಚು ಕಡಿಮೆ ಎಲ್ಲ ಹೂಗಳೂ ತಮ್ಮ ಪರಾಗದಿಂದಲೇ ಕಾಳು ಕಟ್ಟುತ್ತವೆ. ತಾಯಿಯೂ ಅದೇ, ತಂದೆಯೂ ಅದೇ. ಹಾಗಾಗಿ ಕಣಜದ ರಾಗಿ ವರ್ಷ ವರ್ಷ ತನ್ನಂತೆಯೇ ಇರುತ್ತದೆ. ಮುಸುಕಿನ ಜೋಳ ಹಾಗಲ್ಲ. ಗಂಡು ಹೂವು ಗಿಡದ ತುದಿಯಲ್ಲಿ, ಹೆಣ್ಣು ಹೂವು ನಡುವಿನ ತೆನೆಯಲ್ಲಿ. ಪರಾಗ ಗಾಳಿಯಲ್ಲಿ ಹಾರುತ್ತದೆ. ಯಾವ ಗಿಡದ್ದು ಯಾವ ತೆನೆಯ ರೇಷ್ಮೆ ಎಳೆಗೆ ಅಂಟುತ್ತದೋ ಹೇಳುವಂತಿಲ್ಲ.

ಇನ್ನು ಹೈಬ್ರಿಡ್ ಎಂದರೇನು? ಎರಡು ಬೇರೆ ಬೇರೆ ತಳಿಗಳನ್ನು ವರ್ಷಗಟ್ಟಲೆ ಶುದ್ಧವಾಗಿ ಬೆಳೆಸಿ, ಆಮೇಲೆ ಒಂದರ ಪರಾಗವನ್ನು ಇನ್ನೊಂದಕ್ಕೆ ಕೊಟ್ಟು ಪಡೆದ ಮೊದಲ ಪೀಳಿಗೆ. ನಮ್ಮ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ರೂಪಿಸಿದ ‘ವರಲಕ್ಷ್ಮಿ’ ಹತ್ತಿ 1972ರಲ್ಲಿ ಬಂತು. ಹತ್ತಿಯ ಎರಡು ಬೇರೆ ಜಾತಿಗಳನ್ನೇ ಕೂಡಿಸಿದ ತಳಿ ಅದು. ಹಿರಿಯರಿಗೆ ಆ ಹೆಸರು ನೆನಪಿರಬೇಕು. ಇಂಥ ಹತ್ತಿ ಬೀಜ ಮಾಡಲು ಸಂಜೆ ಮೊಗ್ಗು ಬಿಡಿಸಿ ಕೇಸರಗಳನ್ನು ಕೈಯಿಂದ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಬೇಕು, ಒಂದೊಂದೇ ಹೂವಿಗೆ. ರಾಣೆಬೆನ್ನೂರಿನ ಕಡೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಈ ಕೆಲಸ ಬಹುಪಾಲು ಹೆಣ್ಣುಮಕ್ಕಳದ್ದು. ಪೊಟ್ಟಣದ ಬೆಲೆ ನೋಡಿ ಬೈಯುವಾಗ ಆ ಬೆರಳುಗಳ ಕೂಲಿ ಅದರಲ್ಲಿ ಎಷ್ಟಿದೆ ಎಂದೂ ಕೇಳಬೇಕು.

ಹೈಬ್ರಿಡ್ ಗಿಡದ ಪ್ರತಿ ಜೀವಕೋಶದಲ್ಲೂ ಒಂದೊಂದು ಗುಣಕ್ಕೆ ಎರಡೆರಡು ಚೀಟಿಗಳಿವೆ ಎಂದುಕೊಳ್ಳಿ. ಒಂದು ತಾಯಿಯದು, ಒಂದು ತಂದೆಯದು. ಈ ಚೀಟಿಗಳಿಗೇ ಜೀನ್ ಎನ್ನುವುದು. ಗಿಡ ಹೂ ಬಿಟ್ಟಾಗ ಪರಾಗಕ್ಕೆ ಹೋಗುವುದು ಎರಡರಲ್ಲಿ ಒಂದೇ ಚೀಟಿ. ಅಂಡಕ್ಕೂ ಒಂದೇ. ಯಾವುದು ಹೋಗುತ್ತದೆ ಎನ್ನುವುದು ನಾಣ್ಯ ಚಿಮ್ಮಿದ ಹಾಗೆ. ಆದ್ದರಿಂದ ಎರಡನೇ ಪೀಳಿಗೆಯಲ್ಲಿ, ಒಂದು ಗುಣವನ್ನು ಮಾತ್ರ ನೋಡಿದರೆ, ಅರ್ಧದಷ್ಟು ಗಿಡಗಳಲ್ಲಿ ಮಾತ್ರ ಮೊದಲಿನ ಜೋಡಿ ಉಳಿಯುತ್ತದೆ. ಹತ್ತು ಗುಣಗಳನ್ನು ಒಟ್ಟಿಗೆ ನೋಡಿ: ಹತ್ತೂ ಜೋಡಿ ಹಾಗೇ ಉಳಿಯುವ ಸಂಭವ 1,024ರಲ್ಲಿ ಒಂದು. ಇಳುವರಿಗೆ ಕಾರಣವಾಗುವ ಜೀನ್‌ಗಳು ಹತ್ತಕ್ಕಿಂತ ತುಂಬ ಹೆಚ್ಚು. ಈಗ ನಿಮ್ಮ ಹೊಲದಲ್ಲಿ ಆಳುದ್ದದ ಪಕ್ಕ ಮೊಣಕಾಲುದ್ದ ಏಕೆ ನಿಂತಿತು ಎಂದು ಗೊತ್ತಾಯಿತಲ್ಲ.

ಈ ಲೆಕ್ಕವನ್ನು ಮೊದಲು ಕಂಡವರು ಗ್ರೆಗರ್ ಮೆಂಡಲ್. ಬ್ರನೋ ಎಂಬ ಊರಿನ ಮಠದ ಸನ್ಯಾಸಿ. ಮಠದ ತೋಟದಲ್ಲಿ 1856ರಿಂದ ಸುಮಾರು ಎಂಟು ವರ್ಷ ಬಟಾಣಿ ಬೆಳೆದರು. ಗುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ಗುಂಡು. ಸುಕ್ಕು ಎಲ್ಲಿ ಹೋಯಿತು? ಅವರು ಅಷ್ಟಕ್ಕೇ ಬಿಡದೆ ಮುಂದಿನ ಪೀಳಿಗೆಯ ಕಾಳುಗಳನ್ನು ಎಣಿಸಿದರು: 5,474 ಗುಂಡು, 1,850 ಸುಕ್ಕು. ಮೂರಕ್ಕೆ ಒಂದು. ಸುಕ್ಕಿನ ಗುಣ ಸತ್ತಿರಲಿಲ್ಲ, ಒಂದು ತಲೆಮಾರು ಅಡಗಿ ಕುಳಿತಿತ್ತು. 1866ರಲ್ಲಿ ಅಚ್ಚಾದ ಅವರ ಬರಹವನ್ನು ವಿದ್ವಾಂಸರು ಸರಿಯಾಗಿ ಗಮನಿಸಿದ್ದು 1900ರಲ್ಲಿ. ಆ ಹೊತ್ತಿಗೆ ಮೆಂಡಲ್ ತೀರಿಕೊಂಡು ಹದಿನಾರು ವರ್ಷವಾಗಿತ್ತು.

ಹಾಗಾದರೆ ಹೊಸ ತಳಿ ಬೇಕು, ಬೀಜವೂ ನಮ್ಮ ಕೈಯಲ್ಲೇ ಉಳಿಯಬೇಕು ಎಂದರೆ? ಅದನ್ನೇ ಮಾಡಿ ತೋರಿಸಿದವರು ‘ರಾಗಿ ಲಕ್ಷ್ಮಣಯ್ಯ’. ಮಂಡ್ಯದ ವಿ.ಸಿ. ಫಾರಂನಲ್ಲಿ ಅವರು ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿದರು. ಇಂಡಿಯಾ, ಆಫ್ರಿಕ ಎರಡೂ ಸೇರಿ ‘ಇಂಡಾಫ್’ ಎಂಬ ಹೆಸರಾಯಿತು. ಆ ಸಣ್ಣ ಹೂವಿನಲ್ಲಿ ಸಂಕರ ಮಾಡುವುದೇ ಕಷ್ಟ. ಅದಕ್ಕಿಂತ ಕಷ್ಟ ಮುಂದಿನ ಕೆಲಸ. ಚದುರಿ ಬರುವ ಪೀಳಿಗೆಗಳಲ್ಲಿ ಒಳ್ಳೆಯ ತೆನೆಯನ್ನು ಮಾತ್ರ ಆರಿಸಿ, ಬಿತ್ತಿ, ಮತ್ತೆ ಆರಿಸಿ, ಗುಣ ನೆಲೆ ನಿಲ್ಲುವ ತನಕ ಕಾಯಬೇಕು. ನೆಲೆ ನಿಂತ ಮೇಲೆ ರಾಗಿ ತನ್ನ ಸ್ವಭಾವದಂತೆ ತನ್ನನ್ನೇ ಮರಳಿ ಹುಟ್ಟಿಸುತ್ತದೆ. ರೈತ ಬೀಜ ಇಟ್ಟುಕೊಳ್ಳಬಹುದು. ಈಗ ನೀವು ಬೆಳೆಯುವ ಜಿ.ಪಿ.ಯು. 28ರ ಪೂರ್ವಿಕರಲ್ಲಿ ಇಂಡಾಫ್ ತಳಿಗಳಿವೆ. ನನ್ನನ್ನು ಕೇಳಿದರೆ ಕನ್ನಡ ನಾಡಿನ ದೊಡ್ಡ ವಿಜ್ಞಾನಿಗಳ ಪಟ್ಟಿಯಲ್ಲಿ ಈ ಹೆಸರು ಇನ್ನೂ ಮೇಲೆ ಬರಬೇಕಿತ್ತು.

ಕಾನೂನಿನ ಮಾತೂ ಒಂದಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ನೆಂಟರೊಡನೆ ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಕಂಪನಿಯ ಬ್ರಾಂಡ್ ಹೆಸರಿನಲ್ಲಿ ಮಾರುವಂತಿಲ್ಲ ಅಷ್ಟೆ. ಹೈಬ್ರಿಡ್ ವಿಷಯದಲ್ಲಿ ನಮ್ಮ ಕೈ ಕಟ್ಟಿರುವುದು ಕಾನೂನಲ್ಲ, ಆ ನಾಣ್ಯದ ಚಿಮ್ಮಾಟ.

ಬೀಜವೇ ಇಲ್ಲದವೂ ಇವೆ. ಬಾಳೆ ಕಂದಿನಿಂದ ಬೆಳೆಯುತ್ತದೆ. ಕಂದು ತಾಯಿಯ ಪಡಿಯಚ್ಚು. ನಂಜನಗೂಡಿನ ರಸಬಾಳೆ ಅದೇ ರುಚಿಯನ್ನು ಉಳಿಸಿಕೊಂಡು ಬಂದದ್ದು ಹೀಗೆ. ಆದರೆ ಪನಾಮ ಸೊರಗು ರೋಗ ಬಂದಾಗ ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಪಕ್ಕದ ಗಿಡಕ್ಕೂ ಇಲ್ಲ. ತೋಟಕ್ಕೆ ತೋಟವೇ ಹೋಯಿತು.

ಇನ್ನು ಮನುಷ್ಯರ ಮಾತು. ತಾಯಂದಿರು ಇಷ್ಟು ಜನ ಬಂದಿರುವಾಗ ಇದನ್ನು ಹೇಳದೆ ಇಳಿಯಲಾರೆ. ನಮ್ಮ ಜೀವಕೋಶಗಳಲ್ಲಿ 46 ವರ್ಣತಂತುಗಳಿವೆ, 23 ತಾಯಿಯಿಂದ, 23 ತಂದೆಯಿಂದ. ಮಗು ಗಂಡೋ ಹೆಣ್ಣೋ ಎಂಬುದನ್ನು ಮುಟ್ಟುವ ಜೋಡಿ ಒಂದೇ. ತಾಯಿಯ ಬಳಿ ಎಕ್ಸ್ ಎಂಬುದೇ ಎರಡು. ಅವಳು ಕೊಡುವುದು ಎಕ್ಸ್ ಮಾತ್ರ. ತಂದೆಯ ಬಳಿ ಒಂದು ಎಕ್ಸ್, ಒಂದು ವೈ. ಅವನಿಂದ ವೈ ಬಂದರೆ ಗಂಡು, ಎಕ್ಸ್ ಬಂದರೆ ಹೆಣ್ಣು. ಹೆಣ್ಣು ಹೆತ್ತಳೆಂದು ಸೊಸೆಯನ್ನು ತವರಿಗೆ ಅಟ್ಟಿದ ಮನೆಗಳು ನಮ್ಮ ಸೀಮೆಯಲ್ಲೂ ಇವೆ. ಆಕೆಯ ಬಳಿ ಕೊಡಲು ವೈ ಇರಲೇ ಇಲ್ಲ.

ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿಯ ಬಗ್ಗೆಯೂ ಕೇಳುತ್ತಾರೆ. ಆಸ್ತಿ, ಅಕ್ಕರೆ, ಇವೆಲ್ಲ ನಿಮಗೆ ಗೊತ್ತಿರುವ ಕಾರಣಗಳು. ನಾನು ಲೆಕ್ಕ ಮಾತ್ರ ಹೇಳುತ್ತೇನೆ. ಮಾವ ಮತ್ತು ಸೋದರ ಸೊಸೆಯ ನಡುವೆ ಸರಾಸರಿ ಕಾಲು ಭಾಗ ಜೀನ್‌ಗಳು ಒಂದೇ ಮೂಲದವು. ಅತ್ತೆಯ ಮಗ, ಮಾವನ ಮಗಳಾದರೆ ಎಂಟನೇ ಒಂದು. ಬಟಾಣಿಯ ಸುಕ್ಕಿನಂತೆ ಅಡಗಿರುವ ದೋಷ ಒಂದು ಮನೆತನದಲ್ಲಿದ್ದರೆ, ಎರಡು ಕಡೆಯಿಂದಲೂ ಅದೇ ಚೀಟಿ ಮಗುವಿಗೆ ಬರುವ ಸಂಭವ ಇಲ್ಲಿ ಹೆಚ್ಚು. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಹಾಗೆ ಬರುತ್ತದೆ. ತಂದೆ ತಾಯಿ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ; ಇಬ್ಬರಲ್ಲೂ ಅಡಗಿದ ಚೀಟಿ ಇದ್ದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲ ಮಗು ಚೆನ್ನಾಗಿದೆ ಎಂದರೆ ಎರಡನೆಯದಕ್ಕೆ ಅಪಾಯ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಚೀಟಿ ಅಡಗಿದೆಯೋ ಇಲ್ಲವೋ ಎಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಜಾತಕ ನೋಡಿಸುವಷ್ಟು ಹೊತ್ತೂ ಹಿಡಿಯುವುದಿಲ್ಲ.

ಕೊನೆಗೆ, ಬೆಳಿಗ್ಗೆ ಕಾಫಿ ಕುಡಿಯುವಾಗ ಹಿರಿಯರೊಬ್ಬರು ತೆಂಗಿನ ಬಗ್ಗೆ ಕೇಳಿದ್ದಕ್ಕೆ ಉತ್ತರ. ಎತ್ತರದ ತೆಂಗಿನಲ್ಲಿ ಒಂದು ಹೊಂಬಾಳೆಯ ಗಂಡು ಹೂಗಳು ಉದುರಿದ ಮೇಲೆ ಅದರ ಹೆಣ್ಣು ಹೂಗಳು ಅರಳುತ್ತವೆ. ಹಾಗಾಗಿ ಪರಾಗ ಬರುವುದು ಹೆಚ್ಚಾಗಿ ಬೇರೆ ಮರದಿಂದ. ನೀವು ಆರಿಸಿದ ಕಾಯಿಯ ತಾಯಿ ಯಾರೆಂದು ನಿಮಗೆ ಗೊತ್ತು, ತಂದೆ ಯಾರೆಂದು ಗೊತ್ತಿಲ್ಲ. ಬೀಜದ ಕಾಯಿಗೆಂದು ಒಳ್ಳೆಯ ಮರ ಹುಡುಕುವಾಗ ಸುತ್ತಲಿನ ಹತ್ತು ಮರಗಳೂ ಚೆನ್ನಾಗಿ ಕಾಯಿ ಬಿಡುತ್ತಿವೆಯೇ ಎಂದು ನೋಡಿ. ಬೇಲಿಯಂಚಿನ ಒಂಟಿ ಮರ ಎಷ್ಟೇ ಹೊತ್ತು ನಿಂತಿದ್ದರೂ ಅದರ ಕಾಯಿ ಬೇಡ. ಪಕ್ಕದ ತೋಟದ ಸೊರಗಿದ ಮರ ಅದಕ್ಕೆ ಗಂಡನಾಗಿರಬಹುದು. ಆ ವಿಷಯ ನಿಮಗೆ ತಿಳಿಯುವುದು ಆರೇಳು ವರ್ಷ ನೀರು ಹಾಕಿದ ಮೇಲೆ.