ಟೈಮ್ ಟ್ರಾವೆಲ್ ಸಿನಿಮಾಕ್ಕೆ ಮೆಷೀನ್ ಬೇಡ, ಲೆಕ್ಕ ಬೇಕು

ರಾರಾವಿಯಿಂದ ಮಾತಾಡ್ತಿದೀನಿ. ಹಿಂದೆ ಟ್ರ್ಯಾಕ್ಟರ್ ಸದ್ದು ಕೇಳಿದ್ರೆ ಅಡ್ಜಸ್ಟ್ ಮಾಡ್ಕೊಳ್ರಿ, ಭತ್ತದ ಸುಗ್ಗಿ ನಡೆದೈತಿ.

ಸಿರುಗುಪ್ಪ ಕಡೆಯ ಕೇಳುಗನೊಬ್ಬ ವಾಯ್ಸ್ ಮೆಸೇಜ್ ಕಳಿಸಿದಾನ. "ಅಣ್ಣ, ನಾವು ನಾಲ್ಕು ಜನ ಸೇರಿ ಟೈಮ್ ಟ್ರಾವೆಲ್ ಶಾರ್ಟ್ ಫಿಲಂ ಮಾಡಾಕತ್ತೀವಿ. ಗ್ರಾಫಿಕ್ಸ್‌ಗೆ ಮೂರು ಲಕ್ಷ ಕೇಳ್ತಾರ. ಈ ಸಲದ ಬೆಳೆ ದುಡ್ಡು ಹಾಕ್ಲಾ?" ಬೆಳೆ ದುಡ್ಡು ಅಂದ್ರ ಏನು ಅಂತ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊಬ್ಬರದ ಅಂಗಡಿ ಬಾಕಿ, ಮುಂದಿನ ನಾಟಿ, ಮನೆ ಖರ್ಚು ಎಲ್ಲಾ ಅದರಾಗೇ ಬರಬೇಕು. ಹಂಗಾಗಿ ಈ ಎಪಿಸೋಡ್ ಪೂರ್ತಿ ಅವನಿಗೇ.

2004ರಲ್ಲಿ ಅಮೆರಿಕದ ಶೇನ್ ಕರೂತ್ 'ಪ್ರೈಮರ್' ಅಂತ ಸಿನಿಮಾ ಮಾಡಿದ. ಖರ್ಚು ಸುಮಾರು 7,000 ಡಾಲರ್. ಕಥೆ, ನಿರ್ದೇಶನ, ಸಂಕಲನ, ಸಂಗೀತ ಎಲ್ಲಾ ಅವನದೇ, ನಟನೆಯೂ ಮಾಡಿದ. ಅದರಲ್ಲಿರೋ ಟೈಮ್ ಮೆಷೀನ್ ಒಂದು ಪೆಟ್ಟಿಗೆ ಅಷ್ಟೇ. ಆ ವರ್ಷ ಸನ್‌ಡಾನ್ಸ್ ಉತ್ಸವದ ದೊಡ್ಡ ಪ್ರಶಸ್ತಿ ಅದಕ್ಕೇ ಬಂತು. ಅದಕ್ಕೂ ಹಿಂದೆ, 1962ರಲ್ಲಿ, ಫ್ರಾನ್ಸಿನ ಕ್ರಿಸ್ ಮಾರ್ಕರ್ 'ಲಾ ಜೆಟೀ' ಮಾಡಿದ. 28 ನಿಮಿಷದ ಚಿತ್ರ, ಹೆಚ್ಚುಕಮ್ಮಿ ಪೂರ್ತಿ ಸ್ಟಿಲ್ ಫೋಟೋಗಳೇ. ಹೆಣ್ಣೊಬ್ಬಳು ಕಣ್ಣು ತೆರೆಯೋ ಒಂದು ಕ್ಷಣ ಮಾತ್ರ ಚಲಿಸುತ್ತೆ.

ಈಗ ನಮ್ಮ ಕನ್ನಡಕ್ಕೆ ಬನ್ರಿ. 2024ರ ಮಾರ್ಚ್‌ನಲ್ಲಿ ಶ್ರೀನಿಧಿ ಬೆಂಗಳೂರು ನಿರ್ದೇಶನದ 'ಬ್ಲಿಂಕ್' ಬಂತು, ದೀಕ್ಷಿತ್ ಶೆಟ್ಟಿ ನಾಯಕ. ಕಣ್ಣು ಮಿಟುಕಿಸದೇ ಇರೋ ತನಕ ಮಾತ್ರ ನಾಯಕ ಬೇರೆ ಕಾಲದಲ್ಲಿ ಇರಬಹುದು. ಎಂಥಾ ಐಡಿಯಾ ನೋಡ್ರಿ! ರೆಪ್ಪೆ ಬಡಿಯೋಕೆ ಗ್ರಾಫಿಕ್ಸ್ ಬೇಕಾ? ಆದ್ರೂ ನೋಡೋರ ಎದೆ ಡವಡವ ಅನ್ನುತ್ತೆ.

ನಾನು ಬಿ.ಕಾಂ ಓದಿದವನು, ನನಗೆ ಇದು ಡಬಲ್ ಎಂಟ್ರಿ ಥರ ಕಾಣುತ್ತೆ. ಡೆಬಿಟ್ ಬರೆದ್ರೆ ಎಲ್ಲೋ ಒಂದು ಕಡೆ ಕ್ರೆಡಿಟ್ ಬರಲೇಬೇಕು. ಒಬ್ಬ ಹತ್ತು ನಿಮಿಷ ಹಿಂದಕ್ಕೆ ಹೋದ ಅಂದ್ರೆ ಆ ಹತ್ತು ನಿಮಿಷ ಊರಲ್ಲಿ ಇಬ್ಬರು ಇರ್ತಾರೆ. ಮೊದಲನೆಯವನು ಎಲ್ಲಿದ್ದ? ಎರಡನೆಯವನನ್ನ ಯಾರು ನೋಡಿದ್ರು? ಈ ಲೆಕ್ಕ ಟ್ಯಾಲಿ ಆಗದಿದ್ರೆ ಮೂರು ಲಕ್ಷದ ಗ್ರಾಫಿಕ್ಸ್ ಹಾಕಿದ್ರೂ ಕಥೆ ನಿಲ್ಲಲ್ಲ. ಟ್ಯಾಲಿ ಆದ್ರೆ ಫೋನ್ ಕ್ಯಾಮೆರಾ ಸಾಕು.

ಮತ್ತೆ ಲೊಕೇಶನ್. ನಮ್ಮ ಕಡೆ ತೆಲುಗಿನ 'ಆದಿತ್ಯ 369' ನೋಡದೇ ಇರೋರು ಕಮ್ಮಿ. 1991ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ನಾಯಕನನ್ನ ಕೃಷ್ಣದೇವರಾಯನ ಕಾಲಕ್ಕೆ ಕರ್ಕೊಂಡು ಹೋದ್ರು. ಅಷ್ಟು ದೊಡ್ಡ ಆಸ್ಥಾನ ನೀವು ಕಟ್ಟಕ್ಕಾಗಲ್ಲ, ಕಟ್ಟೋದೂ ಬೇಡ. ನಮ್ಮ ತಾಲೂಕಿನ ತೆಕ್ಕಲಕೋಟೆಯಲ್ಲೇ ನವಶಿಲಾಯುಗದ ಜನ ಬಾಳಿದ ನೆಲೆ ಐತಿ. ಅದೂ ಬೇಡಂದ್ರೆ, ಇಲ್ಲೇ ವೇದಾವತಿ ಹಗರಿ ಹೊಳೆ ನೋಡ್ರಿ. ಬೇಸಿಗೆಯಲ್ಲಿ ಬರೀ ಮರಳು, ಮಳೆಗಾಲ ಚೆನ್ನಾಗಾದ್ರೆ ತುಂಬಿದ ನೀರು. ಒಂದೇ ಜಾಗದಲ್ಲಿ ಟ್ರೈಪಾಡ್ ಇಟ್ಟು ಏಪ್ರಿಲ್‌ನಲ್ಲಿ ಒಂದು ಶಾಟ್, ಹೊಳೆ ಬಂದಾಗ ಇನ್ನೊಂದು ಶಾಟ್ ತೆಗೀರಿ. ಎರಡು ಕಾಲ ಸಿಕ್ತು, ಪುಕ್ಕಟೆ.

ಹಂಗಾಗಿ ತಮ್ಮಾ, ಬೆಳೆ ದುಡ್ಡು ಮುಟ್ಟಬೇಡ. ಮೊದಲು ಹತ್ತು ನಿಮಿಷದ್ದು ಮಾಡು, ಎರಡು ಪಾತ್ರ, ಒಂದು ಜಾಗ. ಊರಿನ ಹತ್ತು ಜನರಿಗೆ ತೋರಿಸು. ಅವರಿಗೆ ಅರ್ಥ ಆಯ್ತಂದ್ರೆ ಮುಂದಿನದಕ್ಕೆ ದುಡ್ಡಿನ ದಾರಿ ಐತಿ. 'ಲೂಸಿಯಾ'ಕ್ಕೆ ಪವನ್ ಕುಮಾರ್ 110 ಜನರಿಂದ ದುಡ್ಡು ಕೂಡಿಸಿದ್ರು, 2013ರಲ್ಲಿ ಸಿನಿಮಾ ತೆರೆಗೂ ಬಂತು. ನಷ್ಟ ಆದ್ರೆ ನೂರು ಹೆಗಲ ಮೇಲೆ ಹಂಚಿಹೋಗ್ಲಿ, ಅಪ್ಪನ ಒಬ್ಬರ ಹೆಗಲ ಮೇಲೆ ಬೀಳೋದು ಬೇಡ. ಆದ್ರೆ ಯಾರತ್ರ ಎಷ್ಟು ಇಸ್ಕೊಂಡ್ರಿ ಅಂತ ಬರೆದಿಡ್ರಿ, ಸ್ನೇಹಿತರಾದ್ರೂ ಸರಿ.

ಶಾರ್ಟ್ ಫಿಲಂ ಮುಗಿದ ಮೇಲೆ ಲಿಂಕ್ ಕಳಿಸ್ರಿ, ಇದೇ ಶೋನಲ್ಲಿ ಮಾತಾಡೋಣ. ಮುಂದಿನ ವಾರ ಸಿಗ್ತೀನಿ.